ಬಲೆ ಹೆಣೆಯದ ಜೇಡ ಬೇಟೆಯಾಡುವುದು ಹೇಗೆ?

ತುಂಗಭದ್ರಾ ಕಾಲುವೆಗೆ ನೀರು ಬಿಟ್ಟು, ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ನೆಲ್ಲು ನಾಟಿ ಮುಗಿಯುವ ಹೊತ್ತಿಗೆ ಮನೆಗಳಲ್ಲಿ ಹುಳಗಳ ಹಂಗಾಮು ಶುರುವಾಗಿರುತ್ತದೆ. ಸಂಜೆ ಟ್ಯೂಬ್‌ಲೈಟ್ ಹಾಕಿದರೆ ಸಾಕು, ಮುತ್ತಿಕೊಳ್ಳುತ್ತವೆ. ಅವುಗಳ ಬೆನ್ನಿಗೇ ಗೋಡೆಯ ಮೇಲೆ ಕಿರುಬೆರಳ ಉಗುರಿನಷ್ಟು ದೊಡ್ಡ, ಮೈತುಂಬ ಕೂದಲಿನ ಜೇಡಗಳು ಬರುತ್ತವೆ. ಇವುಗಳಿಗೆ ಹುಳ ಹಿಡಿಯುವ ಬಲೆ ಇಲ್ಲ. ನಾಲ್ಕು ಹೆಜ್ಜೆ ಓಡುತ್ತವೆ, ನಿಲ್ಲುತ್ತವೆ, ಮೈ ತಿರುಗಿಸಿ ನೋಡುತ್ತವೆ, ಇದ್ದಕ್ಕಿದ್ದಂತೆ ಜಿಗಿಯುತ್ತವೆ. ಮರುದಿನ ಮನೆಯಲ್ಲಿ ಯಾರದಾದರೂ ಕುತ್ತಿಗೆಯ ಮೇಲೆ ಉರಿಗುಳ್ಳೆ ಎದ್ದಿದ್ದರೆ "ಜೇಡರ ಹುಳ ಉಚ್ಚಿ ಹೊಯ್ದೈತಿ" ಎಂದು ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ. ಗೋಡೆಯ ಮೇಲಿದ್ದದ್ದಕ್ಕೆ ಪೊರಕೆ ಏಟು ಬೀಳುತ್ತದೆ.

ಆರೋಪಿಯನ್ನು ಪತ್ತೆ ಮಾಡಿದ್ದು ತಪ್ಪು. ಅಷ್ಟೇ ಅಲ್ಲ, ಹೀಗೆ ಪೊರಕೆಗೆ ಸಿಕ್ಕ ಜೀವಿಯ ಮೇಲೆ ಜಪಾನಿನಿಂದ ನ್ಯೂಜಿಲೆಂಡಿನವರೆಗೆ ಹಲವು ಪ್ರಯೋಗಾಲಯಗಳು ದಶಕಗಳಿಂದ ಕೆಲಸ ಮಾಡುತ್ತಿವೆ. ಇಷ್ಟು ಪುಟ್ಟ ಮಿದುಳಿನ ಪ್ರಾಣಿ ನೋಡಿ, ಅಳೆದು, ದಾರಿ ಆರಿಸಿಕೊಂಡು ಬೇಟೆಯಾಡುವುದು ಹೇಗೆ ಎಂಬುದು ಅವರ ಪ್ರಶ್ನೆ.

ಮೊದಲು ಗುಳ್ಳೆಯ ಮಾತು

ಮಳೆಗಾಲದ ಆ ಉರಿಗುಳ್ಳೆಗೆ ಸಾಮಾನ್ಯವಾಗಿ ಕಾರಣ ಪೆಡೆರಸ್ ಎಂಬ ಸಣ್ಣ ಜೀರುಂಡೆ. ತೆಳ್ಳಗೆ ಉದ್ದಕ್ಕಿರುತ್ತದೆ, ಮೈಮೇಲೆ ಕಪ್ಪು ಮತ್ತು ಕಿತ್ತಳೆ ಪಟ್ಟೆ. ಮೊದಲ ನೋಟಕ್ಕೆ ದೊಡ್ಡ ಇರುವೆಯಂತೆ ಕಾಣುತ್ತದೆ. ಗದ್ದೆಯ ಹಸಿ ನೆಲದಲ್ಲಿ ಬೆಳೆದು ರಾತ್ರಿ ದೀಪದ ಬೆಳಕಿಗೆ ಬರುತ್ತದೆ. ಅದು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಮೈಮೇಲೆ ಕೂತದ್ದನ್ನು ನಾವು ಕೈಯಿಂದ ಉಜ್ಜಿ ಜಜ್ಜಿದಾಗ ಅದರ ಮೈಯೊಳಗಿನ ಪೆಡೆರಿನ್ ಎಂಬ ರಾಸಾಯನಿಕ ಚರ್ಮಕ್ಕೆ ತಾಗುತ್ತದೆ. ಉಜ್ಜಿದ ಗೆರೆಯ ಉದ್ದಕ್ಕೂ ಗುಳ್ಳೆ ಏಳುತ್ತವೆ. ಏಳುವುದು ಮರುದಿನವೋ ಅದರ ಮರುದಿನವೋ ಆದ್ದರಿಂದ ಅಷ್ಟರಲ್ಲಿ ಜೀರುಂಡೆಯ ಸುಳಿವೇ ಇರುವುದಿಲ್ಲ, ಗೋಡೆಯ ಮೇಲಿನ ಜೇಡ ಮಾತ್ರ ಕಣ್ಣಿಗೆ ಬೀಳುತ್ತದೆ. ಅಂಥ ಹುಳ ಮೈಮೇಲೆ ಕೂತರೆ ಊದಿ ಹಾರಿಸಿ, ಆ ಜಾಗವನ್ನು ಸೋಪು ಹಾಕಿ ತೊಳೆದುಕೊಳ್ಳಬೇಕು. ಮೈಯ ಒಂದೇ ಬದಿಯಲ್ಲಿ ಪಟ್ಟಿಯಂತೆ ಗುಳ್ಳೆ ಎದ್ದು ವಿಪರೀತ ನೋವಿದ್ದರೆ ಅದು ಸರ್ಪಸುತ್ತು ಇರಬಹುದು. ಅದು ವೈರಸ್ಸಿನಿಂದ ಬರುವ ರೋಗ, ವೈದ್ಯರಿಗೆ ತೋರಿಸಬೇಕು. ಅಂದಹಾಗೆ ಈ ಪೆಡೆರಸ್ ಕೂಡ ಗದ್ದೆಯಲ್ಲಿ ಬೆಳೆ ತಿನ್ನುವ ಹುಳಗಳನ್ನು ಹಿಡಿದು ತಿನ್ನುವಂಥದ್ದೇ.

ಜಿಗಿಯುವ ಜೇಡಗಳಿಗೂ ವಿಷವಿದೆ. ಆದರೆ ಅದು ನೊಣ, ಪತಂಗದಂಥವನ್ನು ಕೆಡವಲು ಸಾಕಾಗುವಷ್ಟು. ಬಟ್ಟೆಯೊಳಗೋ ಕೈಯೊಳಗೋ ಸಿಕ್ಕಿಬಿದ್ದರೆ ಅಪರೂಪಕ್ಕೆ ಕಚ್ಚಬಹುದು. ಸ್ವಲ್ಪ ಹೊತ್ತು ಉರಿಯುತ್ತದೆ, ಕೆಂಪಾಗುತ್ತದೆ.

ಗುರುತು ಹಿಡಿಯುವುದು ಹೇಗೆ?

ವಿಜ್ಞಾನಿಗಳು ಈ ಜೇಡಗಳ ಕುಟುಂಬವನ್ನು ಸಾಲ್ಟಿಸಿಡೆ ಎನ್ನುತ್ತಾರೆ. ಜಗತ್ತಿನಲ್ಲಿ ಈವರೆಗೆ ಹೆಸರಿಟ್ಟ 50,000ಕ್ಕೂ ಹೆಚ್ಚು ಜೇಡ ಜಾತಿಗಳಲ್ಲಿ 6,000ಕ್ಕಿಂತ ಹೆಚ್ಚು ಈ ಒಂದೇ ಕುಟುಂಬದವು. ಜೇಡಗಳಲ್ಲಿ ಇದಕ್ಕಿಂತ ದೊಡ್ಡ ಕುಟುಂಬ ಇಲ್ಲ.

ಬೆಚ್ಚಗಿನ ನಾಡುಗಳಲ್ಲೆಲ್ಲ ಮನುಷ್ಯರ ಮನೆ ಸೇರಿಕೊಂಡಿರುವ ಮೂರು ಜಾತಿಗಳನ್ನು ತಿಳಿದುಕೊಂಡರೆ ಮನೆ ಮಟ್ಟಿಗೆ ಸಾಕು. ಸುಣ್ಣದ ಗೋಡೆಗೆ ಅಂಟಿಕೊಂಡಂತೆ ಚಪ್ಪಟೆಯಾಗಿ ಓಡಾಡುವ ಬೂದು ಬಣ್ಣದ್ದು ಮೆನೆಮೆರಸ್ ಬಿವಿಟಾಟಸ್. ನೊಣಗಳೆಂದರೆ ಅದಕ್ಕೆ ಬಲು ಪ್ರೀತಿ. ಕಪ್ಪು ಮೈಯ ನಡುವೆ ಉದ್ದಕ್ಕೆ ಬಿಳಿ ಪಟ್ಟೆ ಎಳೆದಂತಿರುವುದು ಪ್ಲೆಕ್ಸಿಪ್ಪಸ್ ಪೇಕುಲಿಯ ಗಂಡು, ಅದರ ಹೆಣ್ಣು ಕಂದು. ದೀಪದ ಹತ್ತಿರ ರಾತ್ರಿಯೂ ಬೇಟೆಗೆ ನಿಲ್ಲುವುದು ಹೆಚ್ಚಾಗಿ ಇದೇ. ಮೂರನೆಯದು ಹಸಾರಿಯಸ್ ಅಡಾನ್ಸೋನಿ, ಕುಂಡಗಳ ಸಂದಿ, ಬಚ್ಚಲ ಕಿಟಕಿಯಂಥ ಕಡೆ ಇರುವ ಸಣ್ಣ ಕಪ್ಪು ಜೇಡ. ಗಂಡಿನ ಮೈಮೇಲೆ ಬಿಳಿ ಅರ್ಧಚಂದ್ರದ ಗುರುತಿರುತ್ತದೆ. ಈ ಮೂರನೆಯದರ ಹೆಸರು ಮುಂದೆ ಒಂದು ಪ್ರಯೋಗದಲ್ಲಿ ಬರುತ್ತದೆ.

ಜಾತಿ ಯಾವುದೇ ಇರಲಿ, ಮುಖ ನೋಡಿದರೆ ಅನುಮಾನ ಉಳಿಯುವುದಿಲ್ಲ. ಬೇರೆ ಜೇಡಗಳಿಗೆ ಮುಖ ಎನ್ನುವಂಥದ್ದು ಅಷ್ಟಾಗಿ ಕಾಣುವುದಿಲ್ಲ. ಇವಕ್ಕೆ ಚಪ್ಪಟೆ ಹಣೆ, ಹಣೆಯ ನಡುವೆ ಜೋಡಿ ದೊಡ್ಡ ಕಣ್ಣು, ಅವುಗಳ ಪಕ್ಕದಲ್ಲಿ ಸ್ವಲ್ಪ ಸಣ್ಣ ಜೋಡಿ. ಇನ್ನೂ ನಾಲ್ಕು ಕಣ್ಣು ತಲೆಯ ಮೇಲೆ, ಹಿಂದಕ್ಕೆ.

ಗೋಡೆಯ ಮೇಲೆ ಒಂದು ಬೇಟೆ

ಮಧ್ಯಾಹ್ನದ ಹೊತ್ತು, ಬಾಗಿಲ ಪಕ್ಕದ ಗೋಡೆಯ ಮೇಲೆ ನೊಣ ಕೂತಿದೆ. ಒಂದು ಗೇಣು ದೂರದಲ್ಲಿ, ನೊಣಕ್ಕೆ ಬೆನ್ನು ಹಾಕಿ ಬೂದು ಜೇಡವಿದೆ. ನೊಣ ರೆಕ್ಕೆ ಒರೆಸಿಕೊಳ್ಳುತ್ತದೆ. ಜೇಡ ಇದ್ದಲ್ಲಿಯೇ ಗರಕ್ಕನೆ ತಿರುಗಿ ನೊಣದ ಕಡೆ ಮುಖ ಮಾಡುತ್ತದೆ. ಅಲ್ಲಿಂದ ಗಡಿಬಿಡಿ ಇಲ್ಲ. ಮೊದಲು ನಾಲ್ಕಾರು ಹೆಜ್ಜೆ ಬೇಗ ಬೇಗ, ಹತ್ತಿರವಾದಂತೆ ನಿಧಾನ. ನೊಣ ಅಲುಗಿದರೆ ಇದು ನಿಲ್ಲುತ್ತದೆ, ಅದು ಸುಮ್ಮನಾದರೆ ಇದು ಹೊಟ್ಟೆಯನ್ನು ಗೋಡೆಗೆ ಒತ್ತಿಕೊಂಡು ಹೆಜ್ಜೆ ಕೀಳುತ್ತದೆ. ಎರಡು ಮೂರು ಸೆಂಟಿಮೀಟರ್ ಉಳಿದಾಗ ಪೂರ್ತಿ ನಿಂತು, ಹೊಟ್ಟೆಯ ತುದಿಯನ್ನು ಒಮ್ಮೆ ಗೋಡೆಗೆ ತಾಗಿಸುತ್ತದೆ. ಹಿಂಗಾಲು ಮೈಯ ಕೆಳಕ್ಕೆ ಎಳೆದುಕೊಳ್ಳುತ್ತದೆ. ಮುಂದಿನದು ಬರಿಗಣ್ಣಿಗೆ ಸಿಗುವುದಿಲ್ಲ. ಜೇಡ ನೊಣದ ಮೇಲಿರುತ್ತದೆ, ಎರಡೂ ಗೋಡೆ ಬಿಟ್ಟು ಗಾಳಿಯಲ್ಲಿ ಒಂದು ಎಳೆಯ ತುದಿಗೆ ಜೋತಾಡುತ್ತಿರುತ್ತವೆ.

ಬೆನ್ನ ಹಿಂದಿನ ನೊಣ ಕಂಡದ್ದು ಹೇಗೆ, ಅದು ನೊಣವೇ ಎಂದು ಗೊತ್ತಾದದ್ದು ಹೇಗೆ, ದೂರ ಅಳೆದದ್ದು ಹೇಗೆ, ಜಿಗಿಯಲು ಬಲ ಬಂದದ್ದು ಎಲ್ಲಿಂದ? ಪ್ರತಿಯೊಂದಕ್ಕೂ ಬೇರೆ ಬೇರೆ ಸಂಶೋಧನೆ ನಡೆದಿದೆ.

ಎಂಟು ಕಣ್ಣು, ಹಂಚಿಕೊಂಡ ಕೆಲಸ

ಮುಂದಿನ ಎರಡು ದೊಡ್ಡ ಕಣ್ಣು ಬಿಟ್ಟರೆ ಉಳಿದವು ಕಾವಲಿನವು. ಎಲ್ಲ ಸೇರಿ ಸುತ್ತಲಿನ ಹೆಚ್ಚುಕಡಿಮೆ ಪೂರ್ತಿ ವೃತ್ತವನ್ನು ನೋಡುತ್ತಿರುತ್ತವೆ. ವಿವರ ಕಾಣುವುದು ಅವುಗಳ ಕೆಲಸವಲ್ಲ, ಏನೋ ಅಲುಗಿತು ಎಂದು ಹಿಡಿಯುವುದಷ್ಟೇ. ಬೆನ್ನ ಹಿಂದಿನ ನೊಣವನ್ನು ಮೊದಲು ಕಂಡದ್ದು ಇವು. ಜೇಡಕ್ಕೆ ಕುತ್ತಿಗೆ ಇಲ್ಲ, ತಲೆ ಎದೆ ಒಂದೇ ಗಟ್ಟಿ ಕವಚ. ಆದ್ದರಿಂದ ನೋಡಬೇಕೆಂದರೆ ಇಡೀ ಮೈ ತಿರುಗಿಸಬೇಕು. ಮೊಬೈಲ್ ಹಿಡಿದವರ ಕಡೆ ಅದು ತಿರುಗುವುದಕ್ಕೂ ಇದೇ ಕಾರಣ.

ತಿರುಗಿದ ಮೇಲೆ ದೊಡ್ಡ ಕಣ್ಣುಗಳ ಪಾಳಿ. ಇವುಗಳ ರಚನೆಯನ್ನು ಬಿಡಿಸಿ ತೋರಿಸಿದವರು ಬ್ರಿಟನ್ನಿನ ಜೀವವಿಜ್ಞಾನಿ ಮೈಕೆಲ್ ಲ್ಯಾಂಡ್, 1969ರಲ್ಲಿ. ಹೊರಗೆ ಕಾಣುವ ಮಸೂರ ಕವಚಕ್ಕೆ ಅಂಟಿಕೊಂಡಿದೆ, ಅಲುಗುವುದಿಲ್ಲ. ಅದರ ಹಿಂದೆ ತಲೆಯೊಳಕ್ಕೆ ಉದ್ದನೆಯ ಕೊಳವೆ. ಕೊಳವೆಯ ತುದಿಯಲ್ಲಿ ಚಿತ್ರ ಬೀಳುವ ಪರದೆ, ಅಂದರೆ ರೆಟಿನಾ. ಈ ರೆಟಿನಾ ನಿಂತ ಸಣ್ಣ ಪಟ್ಟಿಯಂತಿದೆ, ಒಂದು ಗಳಿಗೆಗೆ ಕಾಣುವುದು ಬಲು ಕಿರಿದಾದ ಸೀಳು ಮಾತ್ರ. ಈ ಕೊರತೆ ತುಂಬಲು ಪ್ರತಿ ಕೊಳವೆಗೂ ಆರು ಸ್ನಾಯುಗಳಿವೆ. ಅವು ಕೊಳವೆಯನ್ನು ಆಚೀಚೆ, ಮೇಲೆ ಕೆಳಗೆ ಸರಿಸುತ್ತವೆ, ತಿರುಚುತ್ತವೆ ಕೂಡ. ಕಂಡ ವಸ್ತುವಿನ ಮೇಲೆ ಆ ಸೀಳನ್ನು ಹೀಗೆ ಓಡಾಡಿಸಿ, ಕಾಲು ಎಲ್ಲಿದೆ, ರೆಕ್ಕೆ ಇದೆಯೇ, ಇದು ನೊಣವೋ, ಹೆಣ್ಣು ಜೇಡವೋ, ಎಂದು ಜೇಡ ತುಣುಕು ತುಣುಕಾಗಿ ಓದಿಕೊಳ್ಳುತ್ತದೆ. ಜೇಡ ಕಲ್ಲಿನಂತೆ ನಿಂತಿದ್ದಾಗಲೂ ಒಳಗೆ ಈ ಕೆಲಸ ನಡೆದೇ ಇರುತ್ತದೆ. ಮೈ ತಿಳಿಯಾಗಿರುವ ಜಾತಿಗಳಲ್ಲಿ ಕೊಳವೆ ಸರಿದಾಡುವುದು ಹೊರಗಿನಿಂದಲೇ ಕಾಣುತ್ತದೆ.

ದೃಷ್ಟಿ ಎಷ್ಟು ಚುರುಕು? ಪೋರ್ಷಿಯಾ ಎಂಬ ಜಿಗಿಯುವ ಜೇಡ 0.04 ಡಿಗ್ರಿ ಕೋನದ ಅಂತರದಲ್ಲಿರುವ ಎರಡು ಚುಕ್ಕೆಗಳನ್ನು ಬೇರೆ ಬೇರೆಯಾಗಿ ಕಾಣಬಲ್ಲದು. ಕೀಟಗಳಲ್ಲಿ ಒಳ್ಳೆಯ ಕಣ್ಣಿನದೆಂದು ಹೆಸರಾದ ಏರೋಪ್ಲೇನ್ ಚಿಟ್ಟೆಗೆ 0.4 ಡಿಗ್ರಿ ಬೇಕು. ಮನುಷ್ಯರ ಕಣ್ಣಿಗೆ 0.007 ಡಿಗ್ರಿ ಸಾಕು. ಎಂದರೆ ನಮ್ಮ ದೃಷ್ಟಿ ಪೋರ್ಷಿಯಾದ್ದಕ್ಕಿಂತ ಐದಾರು ಪಟ್ಟು ಚುರುಕು, ಅಷ್ಟೇ. ಒಂದು ಸೆಂಟಿಮೀಟರ್ ಕೂಡ ಇಲ್ಲದ ಪ್ರಾಣಿಯ ಪಕ್ಕದಲ್ಲಿ ಇಟ್ಟು ನೋಡಿದರೆ ಇದು ಹೆಮ್ಮೆ ಪಡುವಂಥ ಅಂತರವೇನಲ್ಲ.

ಕಾವಲಿನ ಕಣ್ಣಿಗೂ ದೊಡ್ಡ ಕಣ್ಣಿಗೂ ನಡುವೆ ಹೊಂದಾಣಿಕೆ ಇದೆ ಎಂಬುದನ್ನು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಎಲಿಜಬೆತ್ ಜೇಕಬ್ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದರು. ಜೇಡದ ಮುಂದೆ ಪರದೆ ಇಟ್ಟು, ರೆಟಿನಾ ಎತ್ತ ತಿರುಗುತ್ತದೆಂದು ದಾಖಲಿಸುವ ಉಪಕರಣ ಕಟ್ಟಿದರು. ದೊಡ್ಡ ಕಣ್ಣಿನ ಪಕ್ಕದ ಜೋಡಿಯನ್ನು ಬಣ್ಣ ಹಚ್ಚಿ ಮುಚ್ಚಿದಾಗ, ಪರದೆಯ ಮೇಲೆ ಓಡುವ ಚಿತ್ರವನ್ನು ಹಿಂಬಾಲಿಸಲು ದೊಡ್ಡ ಕಣ್ಣುಗಳಿಗೆ ಆಗಲಿಲ್ಲ. ಎತ್ತ ನೋಡಬೇಕೆಂದು ಹೇಳುವವರೇ ಇಲ್ಲದಂತಾಗಿತ್ತು.

ಕೆಂಪು ಬೆಳಕಿನಲ್ಲಿ ತಪ್ಪಿದ ಜಿಗಿತ

ನಾವು ದೂರ ಅಳೆಯುವುದು ಎರಡು ಕಣ್ಣಿಗೆ ಕಾಣುವ ಚಿತ್ರಗಳ ವ್ಯತ್ಯಾಸದಿಂದ. ಜೇಡದ ದೊಡ್ಡ ಕಣ್ಣುಗಳ ನೋಟ ಒಂದರ ಮೇಲೊಂದು ಬೀಳುವುದಿಲ್ಲ, ಹಾಗಾಗಿ ಈ ಉಪಾಯ ನಡೆಯದು. ತಲೆ ಆಚೀಚೆ ಅಲ್ಲಾಡಿಸಿ ದೂರ ತಿಳಿಯುವ ಕೀಟಗಳಿವೆ, ಜೇಡ ಅದನ್ನೂ ಮಾಡುವುದಿಲ್ಲ.

ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಉತ್ತರ ಕೊಟ್ಟಿತು. ಪ್ರಯೋಗಕ್ಕೆ ಬಳಸಿದ್ದು ನಮ್ಮ ಬಚ್ಚಲ ಕಿಟಕಿಯ ಹಸಾರಿಯಸ್ ಅಡಾನ್ಸೋನಿ. ಈ ಜೇಡದ ದೊಡ್ಡ ಕಣ್ಣಿನ ರೆಟಿನಾ ನಾಲ್ಕು ಪದರದ್ದು. ಅತಿ ಒಳಗಿನ ಎರಡೂ ಪದರ ಹಸಿರು ಬೆಳಕನ್ನು ಗ್ರಹಿಸುತ್ತವೆ. ಆದರೆ ಹಸಿರು ಬೆಳಕಿನ ಚಿತ್ರ ಸ್ಪಷ್ಟವಾಗಿ ಬೀಳುವುದು ಈ ಎರಡರಲ್ಲಿ ಹೆಚ್ಚು ಒಳಗಿನದರ ಮೇಲೆ ಮಾತ್ರ, ಇನ್ನೊಂದರ ಮೇಲೆ ಯಾವಾಗಲೂ ಮಸುಕು. ವಸ್ತು ಹತ್ತಿರ ಬಂದಂತೆ ಮಸುಕಿನ ಪ್ರಮಾಣ ಬದಲಾಗುತ್ತದೆ. ಸ್ಪಷ್ಟ ಚಿತ್ರವನ್ನೂ ಮಸುಕು ಚಿತ್ರವನ್ನೂ ಹೋಲಿಸಿ, ಎಷ್ಟು ಮಸುಕೋ ಅದರಿಂದ ದೂರವನ್ನು ಜೇಡ ತಿಳಿಯುತ್ತದೆ ಎಂಬುದು ತಂಡದ ಊಹೆ.

ಪರೀಕ್ಷಿಸಲು ಬೆಳಕಿನ ಬಣ್ಣ ಬದಲಾಯಿಸಿದರು. ಹಸಿರು ಬೆಳಕಿನಲ್ಲಿ ಜೇಡಗಳು ಗುರಿ ಹಿಡಿದು ಜಿಗಿದವು. ಬರೀ ಕೆಂಪು ಬೆಳಕಿನಲ್ಲಿ ಬೇಟೆ ಕಂಡರೂ ಜಿಗಿತ ಮೊಟಕಾಯಿತು, ಮುಟ್ಟುವ ಮೊದಲೇ ಬಿದ್ದವು. ಕೆಂಪು ಬೆಳಕನ್ನು ಮಸೂರ ಕಡಿಮೆ ಬಾಗಿಸುತ್ತದೆ, ಮಸುಕಿನ ಲೆಕ್ಕ ತಪ್ಪುತ್ತದೆ, ದೂರದ್ದು ಹತ್ತಿರವಿದೆ ಎನಿಸುತ್ತದೆ. ಎಷ್ಟು ತಪ್ಪಬೇಕು ಎಂಬುದನ್ನು ಮಸೂರದ ಗಣಿತದಿಂದ ಮೊದಲೇ ಅಂದಾಜು ಮಾಡಲು ಬಂತು. ಒಂದು ಊಹೆಯನ್ನು ಇಷ್ಟು ಕಡಿಮೆ ಸಾಮಾನಿನಲ್ಲಿ, ಇಷ್ಟು ಖಚಿತವಾಗಿ ಪರೀಕ್ಷಿಸಿದ್ದು ನೋಡಿದರೆ ಖುಷಿಯಾಗುತ್ತದೆ.

ಕಾಲಿಗೆ ಬಲ ಎಲ್ಲಿಂದ?

ಮಿಡತೆಯಂತೆ ದಪ್ಪ ತೊಡೆ ಈ ಜೇಡಕ್ಕಿಲ್ಲ. ಜೇಡಗಳ ಕಾಲನ್ನು ಮಡಚುವ ಸ್ನಾಯುಗಳು ಎಲ್ಲ ಕೀಲಿನಲ್ಲೂ ಇವೆ, ಆದರೆ ಎರಡು ಮುಖ್ಯ ಕೀಲುಗಳಲ್ಲಿ ಚಾಚುವ ಸ್ನಾಯುಗಳೇ ಇಲ್ಲ. ಮತ್ತೆ ಚಾಚುವುದು ಹೇಗೆ? ಸಂಡೂರಿನ ಗಣಿ ರಸ್ತೆಯಲ್ಲಿ ಜೆಸಿಬಿ ಕೆಲಸ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಜೆಸಿಬಿಯ ತೋಳು ಚಾಚುವುದು ಸಿಲಿಂಡರಿನೊಳಗೆ ನುಗ್ಗುವ ಎಣ್ಣೆಯ ಒತ್ತಡದಿಂದ. ಜೇಡದ ಕಾಲಿನಲ್ಲಿ ಎಣ್ಣೆಯ ಜಾಗದಲ್ಲಿ ಅದರ ರಕ್ತವಿದೆ. ಎದೆಭಾಗ ಬಿಗಿದಾಗ ರಕ್ತ ಕಾಲಿಗೆ ನುಗ್ಗುತ್ತದೆ, ಕಾಲು ಸೆಟೆಯುತ್ತದೆ. ಸತ್ತ ಜೇಡದ ಕಾಲುಗಳೆಲ್ಲ ಒಳಕ್ಕೆ ಮಡಚಿಕೊಂಡಿರುವುದಕ್ಕೂ ಇದೇ ಕಾರಣ: ಒತ್ತಡ ಹೋಯಿತು, ಮಡಚುವ ಸ್ನಾಯುಗಳಷ್ಟೇ ಉಳಿದವು.

ಜಿಗಿತಕ್ಕೆ ಈ ಒತ್ತಡವೇ ಮುಖ್ಯವೋ ಎಂಬ ಬಗ್ಗೆ ಮಾತ್ರ ಚರ್ಚೆ ಇದೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಫಿಡಿಪ್ಪಸ್ ರೀಜಿಯಸ್ ಜಾತಿಯ ಜೇಡಗಳಿಗೆ ಹೇಳಿದ ಜಾಗಕ್ಕೆ ಜಿಗಿಯುವ ತರಬೇತಿ ಕೊಡಲು ಹೊರಟರು. ತಂದ ನಾಲ್ಕರಲ್ಲಿ ಮಾತು ಕೇಳಿದ್ದು ಒಂದೇ, ಅದಕ್ಕೆ ಕಿಮ್ ಎಂದು ಹೆಸರಿಟ್ಟರು. ಓಡಿ ಬರದೆ ನಿಂತಲ್ಲಿಂದಲೇ ಕಿಮ್ ತನ್ನ ಮೈಯುದ್ದದ ಆರು ಪಟ್ಟು ದೂರ ಹಾರಿತು. ಹಾರುವಾಗ ಕಾಲಿನ ಮೇಲೆ ಬಿದ್ದ ಬಲ ಅದರ ತೂಕದ ಐದು ಪಟ್ಟಿನವರೆಗೆ ಹೋಯಿತು. ಇಷ್ಟು ಬಲಕ್ಕೆ ಸ್ನಾಯುಗಳೇ ಸಾಕಾಗಬಹುದು, ರಕ್ತದ ಒತ್ತಡ ಬೇಕೇ ಬೇಕೆಂದಿಲ್ಲ ಎಂದು ತಂಡ ಹೇಳಿತು. ಇನ್ನೊಂದು ವಿಷಯವೂ ತಿಳಿಯಿತು. ಗುರಿ ದೂರವಿದ್ದರೆ ಕಿಮ್ ಶಕ್ತಿ ಉಳಿಯುವಂತೆ ಹಾರುತ್ತಿತ್ತು. ಹತ್ತಿರವಿದ್ದರೆ ಹೆಚ್ಚು ಶಕ್ತಿ ಖರ್ಚಾದರೂ ಸರಿ, ನೇರವಾಗಿ, ಬೇಗ ತಲುಪುವ ದಾರಿ. ಬೇಟೆ ತಪ್ಪಿಸಿಕೊಳ್ಳಲು ಸಮಯ ಕೊಡಬಾರದಲ್ಲ.

ಜಿಗಿಯುವ ಮುಂಚೆ ಹೊಟ್ಟೆಯ ತುದಿಯನ್ನು ಗೋಡೆಗೆ ತಾಗಿಸಿತಲ್ಲ, ಆಗ ಒಂದು ರೇಷ್ಮೆ ಎಳೆಯ ತುದಿಯನ್ನು ಅಂಟಿಸಿತು. ಗುರಿ ತಪ್ಪಿದರೆ ನೆಲಕ್ಕೆ ಬೀಳದೆ ಎಳೆ ಹಿಡಿದು ಮೇಲೆ ಬರಬಹುದು. ಗಾಳಿಯಲ್ಲಿ ಮೈ ಪಲ್ಟಿಯಾಗದೆ ನೆಟ್ಟಗೆ ಇಳಿಯಲೂ ಈ ಎಳೆ ನೆರವಾಗುತ್ತದೆ ಎಂದು 2013ರ ಒಂದು ಅಧ್ಯಯನ ತೋರಿಸಿತು. ಬಲೆ ಹೆಣೆಯದಿದ್ದರೂ ನೂಲು ಬಿಟ್ಟು ಇವು ಬದುಕುವುದಿಲ್ಲ. ಮಲಗಲು, ಮೊಟ್ಟೆಯಿಡಲು ಗೋಡೆ ಮೂಲೆಯಲ್ಲೋ ಎಲೆ ಮಡಿಕೆಯಲ್ಲೋ ಬಿಳಿ ಚೀಲ ನೇಯ್ದುಕೊಳ್ಳುವುದೂ ಇದೇ ನೂಲಿನಿಂದ.

ಪೋರ್ಷಿಯಾ: ಜೇಡವನ್ನೇ ಬೇಟೆಯಾಡುವ ಜೇಡ

ಜಿಗಿಯುವ ಜೇಡಗಳ ತಂತ್ರಗಳ ಬಗ್ಗೆ ಬರೆಯುವಾಗ ಯಾರೂ ಪೋರ್ಷಿಯಾ ಬಿಟ್ಟು ಮುಂದೆ ಹೋಗಲಾರರು. ಆಫ್ರಿಕಾ, ದಕ್ಷಿಣ ಮತ್ತು ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾಗಳಲ್ಲಿ ಇದರ ಜಾತಿಗಳಿವೆ. ನೋಡಲು ಒಣಗಿದ ಎಲೆಯ ಚೂರು, ಮೈತುಂಬ ಕೂದಲಿನ ಜುಟ್ಟುಗಳು. ನಡೆಯುವುದೂ ಗಾಳಿಗೆ ಕಸ ಅಲುಗಿದಂತೆ ತಡೆತಡೆದು. ಇದರ ಇಷ್ಟದ ಊಟ ಬೇರೆ ಜೇಡಗಳು, ಎಷ್ಟೋ ಸಲ ತನಗಿಂತ ದೊಡ್ಡವು. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ರಾಬರ್ಟ್ ಜಾಕ್ಸನ್ ಮತ್ತು ಅವರ ಸಂಗಡಿಗರು ಇದರ ಬೆನ್ನು ಹತ್ತಿದ್ದು ಒಂದೆರಡು ವರ್ಷವಲ್ಲ, ದಶಕಗಳ ಕಾಲ.

ಬಲೆ ಕಟ್ಟುವ ಜೇಡಗಳಿಗೆ ಕಣ್ಣು ಮಂದ. ಬಲೆಯ ಅದುರುವಿಕೆಯೇ ಅವುಗಳಿಗೆ ಜಗತ್ತು. ಪೋರ್ಷಿಯಾ ಬಲೆಯ ಅಂಚಿಗೆ ಬಂದು ಕಾಲು ಮತ್ತು ಬಾಯಿ ಪಕ್ಕದ ಪುಟ್ಟ ತೋಳುಗಳಿಂದ ಎಳೆಗಳನ್ನು ಮೀಟುತ್ತದೆ, ಸಣ್ಣ ಹುಳ ಸಿಕ್ಕಿಕೊಂಡು ಒದ್ದಾಡುತ್ತಿರುವಂತೆ. ಊಟ ಬಂತೆಂದು ಒಡೆಯ ಹತ್ತಿರ ಬಂದರೆ ತಾನೇ ಊಟವಾಗುತ್ತದೆ.

ಇಷ್ಟೇ ಆಗಿದ್ದರೆ ಹುಟ್ಟಿನಿಂದ ಬಂದ ಒಂದು ಚಾಳಿ ಎನ್ನಬಹುದಿತ್ತು. ಆದರೆ ಪೋರ್ಷಿಯಾಕ್ಕೆ ಮೀಟುವ ಒಂದೇ ಬಗೆ ಗೊತ್ತಿರುವುದಲ್ಲ. ಅದು ಬೇರೆ ಬೇರೆ ರೀತಿಯಲ್ಲಿ ಮೀಟಿ ನೋಡುತ್ತಾ ಹೋಗುತ್ತದೆ. ಬಲೆಯ ಜೇಡ ಯಾವುದಕ್ಕೆ ಓಗೊಟ್ಟು ತಿರುಗಿತೋ ಅದನ್ನೇ ಹಿಡಿದು ಮತ್ತೆ ಮತ್ತೆ ಮೀಟುತ್ತದೆ. ಓಗೊಡುವುದು ನಿಂತರೆ ಮತ್ತೆ ಹೊಸ ಬಗೆ ಹುಡುಕುತ್ತದೆ. ಎದುರಾಳಿ ದೊಡ್ಡದಾಗಿ, ರಭಸದಿಂದ ಮೇಲೆ ಬೀಳುವ ಜಾತಿಯಾಗಿದ್ದರೆ ಜೋರಾಗಿ ಮೀಟುವುದಿಲ್ಲ. ಅದು ಬರಬೇಕು, ಓಡಿ ಬರಬಾರದು, ಅಂಥ ಮೆದು ಅದುರುವಿಕೆ. ಇನ್ನು ಗಾಳಿ ಬೀಸಿ ಇಡೀ ಬಲೆ ಅಲುಗಾಡುವಾಗ ಪೋರ್ಷಿಯಾ ಮುಂದೆ ಸಾಗುತ್ತದೆ, ಗಾಳಿ ನಿಂತರೆ ತಾನೂ ನಿಲ್ಲುತ್ತದೆ. ತನ್ನ ಹೆಜ್ಜೆಯ ಅದುರು ಗಾಳಿಯ ಅದುರಿನಲ್ಲಿ ಮುಚ್ಚಿಹೋಗುತ್ತದೆ. ಇದನ್ನು ಜಾಕ್ಸನ್ ಮತ್ತು ಸ್ಟಿಮ್ಸನ್ ವಿಲ್ಕಾಕ್ಸ್ ಸಂಗಡಿಗರು 1996ರಲ್ಲಿ ವರದಿ ಮಾಡಿದರು.

ಫಿಲಿಪೀನ್ಸಿನಲ್ಲಿ ಪೋರ್ಷಿಯಾ ಲಾಬಿಯಾಟಾದ ಎದುರಾಳಿ ಉಗುಳುವ ಜೇಡ. ಅದು ಬಾಯಿಂದ ಅಂಟನ್ನು ಎದುರಿದ್ದವರ ಮೇಲೆ ಉಗುಳಿ ಕಟ್ಟಿಹಾಕುತ್ತದೆ. ಆದ್ದರಿಂದ ಪೋರ್ಷಿಯಾ ಸುತ್ತಿ ಬಂದು ಹಿಂದಿನಿಂದ ಹಿಡಿಯುತ್ತದೆ. ಆದರೆ ಉಗುಳುವ ಜೇಡದ ಹೆಣ್ಣು ತನ್ನ ಮೊಟ್ಟೆಗಳನ್ನು ಬಾಯಲ್ಲಿ ಕಚ್ಚಿಕೊಂಡು ಓಡಾಡುತ್ತದೆ. ಉಗುಳಬೇಕೆಂದರೆ ಮೊಟ್ಟೆ ಕೆಳಗೆ ಬಿಡಬೇಕು, ಅದಕ್ಕೆ ಅದು ಹಿಂದೆಮುಂದೆ ನೋಡುತ್ತದೆ. ಬಾಯಲ್ಲಿ ಮೊಟ್ಟೆ ಕಂಡರೆ ಪೋರ್ಷಿಯಾ ಸುತ್ತುವ ಗೋಜಿಗೆ ಹೋಗದೆ ಎದುರಿನಿಂದಲೇ ನುಗ್ಗುವುದು ಹೆಚ್ಚು.

ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ಪೋರ್ಷಿಯಾಕ್ಕೆ ಬೇರೆಯದೇ ಕಷ್ಟ. ಅಲ್ಲಿ ಅದು ಬೇಟೆಯಾಡುವುದು ಇನ್ನೊಂದು ಜಿಗಿಯುವ ಜೇಡವನ್ನು, ಎಂದರೆ ತನ್ನಷ್ಟೇ ಚುರುಕು ಕಣ್ಣಿನದನ್ನು. ಹಿಂದಿನಿಂದ ಮೆಲ್ಲಗೆ ಬರುತ್ತದೆ. ಬೇಟೆ ತಿರುಗಿ ನೋಡಿದರೆ ಇದ್ದಲ್ಲಿಯೇ ಹೆಪ್ಪುಗಟ್ಟುತ್ತದೆ. ಮುಖದ ಪಕ್ಕದ ಪುಟ್ಟ ತೋಳುಗಳನ್ನು ಹಿಂದಕ್ಕೆ ಎಳೆದು ಮರೆಮಾಡುತ್ತದೆ, ಏಕೆಂದರೆ ಎದುರಿಗಿರುವುದು ಜೇಡವೆಂದು ಗುರುತಿಸಲು ನೆರವಾಗುವ ಭಾಗಗಳಲ್ಲಿ ಅವೂ ಸೇರಿವೆ. ನೋಡಿದ್ದಕ್ಕೆ ಕಸದ ಚೂರು ಕಂಡಂತಾಗಿ ಬೇಟೆ ಮತ್ತೆ ಅತ್ತ ತಿರುಗುತ್ತದೆ.

ಗುರಿ ಮರೆಯಾದರೂ ದಾರಿ ತಪ್ಪುವುದಿಲ್ಲ

ಬೇಟೆಯತ್ತ ನೇರವಾಗಿ ಹೋಗಲು ಆಗದಿದ್ದರೆ ಪೋರ್ಷಿಯಾ ಬಳಸುದಾರಿ ಹಿಡಿಯುತ್ತದೆ. ಎಲೆಯ ಕೆಳಗೆ, ಕಾಂಡ ಹತ್ತಿ, ಇನ್ನೊಂದು ಕೊಂಬೆಗೆ ದಾಟಿ, ಮೇಲಿನಿಂದ ನೂಲು ಬಿಟ್ಟುಕೊಂಡು ಇಳಿಯುತ್ತದೆ. ದಾರಿಯ ಬಹುಭಾಗ ಬೇಟೆ ಕಣ್ಣಿಗೆ ಬೀಳುವುದಿಲ್ಲ. ಹಾಗಾದರೆ ಹೊರಡುವ ಮೊದಲೇ ದಾರಿ ಗೊತ್ತಿತ್ತೋ, ಅಡ್ಡಾಡುತ್ತಾ ಸಿಕ್ಕಿತೋ?

ಮೈಕೆಲ್ ಟಾರ್ಸಿಟಾನೊ ಮತ್ತು ಜಾಕ್ಸನ್ 1997ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆಂದೇ ಕಟ್ಟಿದ್ದು. ಜೇಡವನ್ನು ಒಂದು ಗೂಟದ ತುದಿಯಲ್ಲಿ ಬಿಟ್ಟರು. ಎದುರಿಗೆ ಎರಡು ತಟ್ಟೆ, ಒಂದರಲ್ಲಿ ಮಾತ್ರ ಬೇಟೆ. ಪ್ರತಿ ತಟ್ಟೆಗೂ ಹೋಗಲು ಪ್ರತ್ಯೇಕ ಹಾದಿ. ಜೇಡ ಮೇಲಿನಿಂದ ಎಷ್ಟು ಹೊತ್ತಾದರೂ ನೋಡಬಹುದು. ಆದರೆ ಗೂಟ ಇಳಿದು ನೆಲ ಮುಟ್ಟಿದರೆ ಬೇಟೆ ಕಾಣುವುದಿಲ್ಲ, ಯಾವ ಹಾದಿ ಎಲ್ಲಿಗೆ ಹೋಗುತ್ತದೆಂಬುದನ್ನು ನೆನಪಿನಿಂದಲೇ ಆರಿಸಬೇಕು. ಹೆಚ್ಚಿನ ಜೇಡಗಳು ಬೇಟೆಯಿದ್ದ ತಟ್ಟೆಯ ಹಾದಿಯನ್ನೇ ಹತ್ತಿದವು. ಅದಕ್ಕಾಗಿ ಮೊದಲು ಬೇಟೆಗೆ ಬೆನ್ನು ಹಾಕಿ ನಡೆಯಬೇಕಾಗಿ ಬಂದಾಗಲೂ.

ಇದನ್ನು ಯೋಚನೆ ಎನ್ನಬೇಕೋ ಬೇಡವೋ ಎಂಬುದು ಪದದ ಜಗಳ. ಪ್ರಯೋಗದಿಂದ ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು: ಜೇಡ ನೋಡಿದ್ದನ್ನು ತಲೆಯಲ್ಲಿ ಇಟ್ಟುಕೊಳ್ಳುತ್ತದೆ, ಎದುರಿಗೆ ಇಲ್ಲದಾಗಲೂ ಅದನ್ನು ಬಳಸುತ್ತದೆ.

ಮನೆ ಗೋಡೆಯ ಮೆನೆಮೆರಸ್ ಗುಂಪಿನ ಇನ್ನೊಂದು ಜಾತಿಯ ಮೇಲೆ 2021ರಲ್ಲಿ ಪ್ರಕಟವಾದ ಅಧ್ಯಯನವೂ ಕುತೂಹಲದ್ದು. ಸಂಶೋಧಕರು ಜೇಡವನ್ನು ಅಲುಗದಂತೆ ಹಿಡಿದು, ಕಾಲ ಕೆಳಗೆ ತಿರುಗುವ ಹಗುರ ಚೆಂಡು ಇಟ್ಟರು. ಪರದೆಯ ಮೇಲೆ ಬರೀ ಚುಕ್ಕೆಗಳು. ಒಂದು ಗುಂಪು ಚುಕ್ಕೆ ನಡೆಯುವ ಪ್ರಾಣಿಯ ಕೀಲುಗಳಂತೆ ಚಲಿಸುತ್ತಿತ್ತು, ಇನ್ನೊಂದು ಅಡ್ಡಾದಿಡ್ಡಿ. ಜೇಡ ತಿರುಗಲು ಹೋದರೆ ಚೆಂಡು ತಿರುಗುತ್ತದೆ, ಅದರಿಂದ ಅದರ ಮನಸ್ಸು ಎತ್ತ ಎಂದು ತಿಳಿಯುತ್ತದೆ. ಜೇಡಗಳು ಎರಡರ ವ್ಯತ್ಯಾಸ ಹಿಡಿದವು. ಆದರೆ ಹೆಚ್ಚು ತಿರುಗಿದ್ದು ಅಡ್ಡಾದಿಡ್ಡಿ ಚುಕ್ಕೆಗಳ ಕಡೆಗೆ. ಪ್ರಾಣಿಯ ನಡಿಗೆಯನ್ನು ಪಕ್ಕದ ಕಣ್ಣುಗಳೇ ಗುರುತಿಸಿದವು, ಗುರುತು ಸಿಗದ್ದನ್ನು ಮಾತ್ರ ದೊಡ್ಡ ಕಣ್ಣಿಗೆ ತೋರಿಸಬೇಕಾಯಿತು ಎಂಬುದು ಸಂಶೋಧಕರ ವಿವರಣೆ.

ಊಟದ ಮೇಲೆ ತಂತ್ರ

ಪೂರ್ವ ಆಫ್ರಿಕಾದ ವಿಕ್ಟೋರಿಯಾ ಸರೋವರದ ಸುತ್ತ ಎವಾರ್ಚಾ ಕುಲಿಸಿವೋರಾ ಎಂಬ ಜೇಡವಿದೆ. ಸೊಳ್ಳೆಗಳಲ್ಲೂ ರಕ್ತ ಕುಡಿದು ಹೊಟ್ಟೆ ಉಬ್ಬಿದ ಹೆಣ್ಣನ್ನೇ ಅದು ಆರಿಸುತ್ತದೆ ಎಂದು 2005ರಲ್ಲಿ ತಿಳಿಯಿತು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಕೂರುವಾಗ ಹಿಂಭಾಗ ಮೇಲೆತ್ತಿರುತ್ತದೆ. ಈ ಜೇಡದ ಮರಿಗಳು ಆ ಭಂಗಿಯನ್ನು ಗುರುತಿಸಿ, ಹಿಂದಿನಿಂದ ಬಂದು ಎತ್ತಿದ ಹೊಟ್ಟೆಯ ಕೆಳಗೆ ನುಸುಳಿ ಹಿಡಿಯುತ್ತವೆ. ಈ ಜೇಡ ನಮ್ಮಲ್ಲಿಲ್ಲ. ನಮ್ಮ ಗೋಡೆಯ ಜೇಡಗಳು ಸೊಳ್ಳೆ ಸಿಕ್ಕರೆ ತಿನ್ನುತ್ತವೆ, ಹುಡುಕಿಕೊಂಡು ಹೋಗುವುದಿಲ್ಲ.

ಮೆಕ್ಸಿಕೊ ಮತ್ತು ಕೋಸ್ಟರಿಕಾದ ಬಘೀರಾ ಕಿಪ್ಲಿಂಗಿ ಇನ್ನೂ ವಿಚಿತ್ರ, ಬಹುತೇಕ ಸಸ್ಯಾಹಾರಿ. ಅಲ್ಲಿನ ಒಂದು ಬಗೆಯ ಜಾಲಿ ಮರ ತನ್ನನ್ನು ಕಾಯುವ ಇರುವೆಗಳಿಗಾಗಿ ಎಲೆಯ ತುದಿಯಲ್ಲಿ ಪೌಷ್ಟಿಕ ಗುಂಡುಗಳನ್ನು ಬೆಳೆಸುತ್ತದೆ. ಈ ಜೇಡ ಇರುವೆ ಕಾವಲನ್ನು ತಪ್ಪಿಸಿ, ಎದುರಾದರೆ ಜಿಗಿದು, ಆ ಗುಂಡುಗಳನ್ನು ಕದಿಯುತ್ತದೆ. (ನಮ್ಮ ರಸ್ತೆ ಬದಿಯ ಬಳ್ಳಾರಿ ಜಾಲಿಯೂ ಅಮೆರಿಕ ಖಂಡದಿಂದಲೇ ಬಂದದ್ದು, ಆದರೆ ಅದು ಬೇರೆ ಗಿಡ, ಅದರಲ್ಲಿ ಈ ಏರ್ಪಾಡಿಲ್ಲ.)

ಹೊಲದಲ್ಲಿ ಇವುಗಳ ಲೆಕ್ಕ

ರಾಯಚೂರಿನ ಹತ್ತಿ, ಬಳ್ಳಾರಿಯ ಮೆಣಸಿನಕಾಯಿ, ಎಡದಂಡೆಯ ನೆಲ್ಲು, ಯಾವ ಹೊಲದ ಎಲೆ ಮಗುಚಿದರೂ ಒಂದಲ್ಲ ಒಂದು ಜಾತಿಯ ಜೇಡ ಸಿಗುತ್ತದೆ. ಗದ್ದೆಯಲ್ಲಿ ಬುಡದ ಹತ್ತಿರ ಓಡುವ ತೋಳ ಜೇಡಗಳು, ಗರಿಗಳ ನಡುವೆ ಬಲೆ ಕಟ್ಟುವವು, ಗರಿಯ ಮೇಲೆ ಜಿಗಿಯುವವು, ಹೀಗೆ ಕೆಲಸ ಹಂಚಿಹೋಗಿದೆ. ಜಿಗಿಹುಳು, ನೊಣ, ಸಣ್ಣ ಪತಂಗ, ಎಳೆ ಕೀಡೆ ಇವುಗಳ ಊಟ. ಸಿಕ್ಕರೆ ಜೇನುಹುಳವನ್ನೂ, ಇನ್ನೊಂದು ಜೇಡವನ್ನೂ ಬಿಡುವುದಿಲ್ಲ. ರೈತನ ಮಿತ್ರ, ಶತ್ರು ಎಂಬ ವಿಂಗಡಣೆ ಅವುಗಳಿಗೆ ಗೊತ್ತಿಲ್ಲ.

ಎಣ್ಣೆ ಹೊಡೆದಾಗ ಏನಾಗುತ್ತದೆ ಎಂಬುದು ಏಷ್ಯಾದ ಭತ್ತದ ನಾಡುಗಳಲ್ಲಿ ಚೆನ್ನಾಗಿ ದಾಖಲಾಗಿದೆ. ಕಂದು ಜಿಗಿಹುಳು ಮೊಟ್ಟೆಯಿಡುವುದು ಪೈರಿನ ಗರಿಯ ಕವಚದ ಒಳಗೆ. ಸಿಕ್ಕಿದ್ದನ್ನೆಲ್ಲ ಕೊಲ್ಲುವ ಕೀಟನಾಶಕ ಹೊಡೆದರೆ ಹೊರಗಿನ ಜೇಡಗಳು ಸಾಯುತ್ತವೆ, ಒಳಗಿನ ಮೊಟ್ಟೆ ಉಳಿಯುತ್ತವೆ. ಮರಿ ಹೊರಬಂದಾಗ ಹಿಡಿಯುವವರು ಇರುವುದಿಲ್ಲ, ಮೊದಲಿಗಿಂತ ಜೋರಾಗಿ ಹಬ್ಬುತ್ತವೆ. ಇಂಡೊನೇಷ್ಯಾ 1986ರಲ್ಲಿ ಭತ್ತದ ಮೇಲೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ.

ಹತ್ತಿಯಲ್ಲಿ ಮಾತ್ರ ಈ ಜೇಡದ ಮೇಲೆ ಹೆಚ್ಚು ಭರವಸೆ ಇಡಲು ಬರುವುದಿಲ್ಲ. ಗುಲಾಬಿ ಕಾಯಿಕೊರಕದ ಮರಿ ಮೊಟ್ಟೆಯಿಂದ ಹೊರಬಂದ ಸ್ವಲ್ಪ ಹೊತ್ತಿಗೇ ಮೊಗ್ಗಿನೊಳಕ್ಕೋ ಕಾಯಿಯೊಳಕ್ಕೋ ಹೊಕ್ಕುಬಿಡುತ್ತದೆ. ಕಣ್ಣಿನಿಂದಲೇ ಬೇಟೆ ಹುಡುಕುವ ಜೇಡಕ್ಕೆ ಅದು ಸಿಗುವುದು ಹೊರಗಿರುವ ಆ ಸ್ವಲ್ಪ ಹೊತ್ತು ಮಾತ್ರ. ಕಾಯಿಕೊರಕದ ಹತೋಟಿಗೆ ಗಂಡು ಪತಂಗಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟುವುದು, ಬೆಳೆ ಮುಗಿದ ಮೇಲೆ ಕಟ್ಟಿಗೆಯನ್ನು ಹೊಲದಲ್ಲಿ ಬಿಡದೆ ಕಿತ್ತು ತೆಗೆಯುವುದು ಮುಂತಾದ ಬೇರೆ ಕ್ರಮಗಳೇ ಬೇಕು.